ಹನ್ನೆರಡೂ ಮುಕ್ಕಾಲು ಮೀಟರು

"ಕಲ್ಲಿದ್ದಲು ಇಳಿಸಿ ಆಯ್ತು ತಾಯಿ. ಹಡಗು ನಿನ್ನೆನೇ ಖಾಲಿ, ಸಿಂಗಪುರಕ್ಕೆ ಹೊರಟಿದೆ, ಅಲ್ಲಿ ಅವನನ್ನ ಇಳಿಸ್ತಾರೆ. ಇನ್ನು ಹತ್ತು ದಿನಕ್ಕೆ ನಿನ್ನ ಗಂಡ ಮನೇಲಿರ್ತಾನೆ. ಇಲ್ಲೊಂದು ಸಹಿ ಹಾಕು," ಎಂದು ಲೆಗಾಸ್ಪಿ ಕಾಗದವನ್ನು ಮುಂದಕ್ಕೆ ಸರಿಸಿದ. ಇಲೊಯಿಲೊ ಪಟ್ಟಣದ ಆ ಕಚೇರಿಯ ಕಸುಬು ಹಡಗುಗಳಿಗೆ ಆಳು ಒದಗಿಸುವುದು. ಗಂಡನನ್ನು ಮನೆಗೆ ಕಳಿಸುತ್ತಿಲ್ಲವೆಂದು ಎದುರಿಗೆ ಕೂತಿದ್ದ ಮಾರಿವಿಕ್, ಸರ್ಕಾರಕ್ಕೆ ಕೊಟ್ಟ ದೂರನ್ನು ಹಿಂದಕ್ಕೆ ಪಡೆದಿದ್ದಾಳೆ ಎಂದು ಕಾಗದ ಹೇಳುತ್ತಿತ್ತು.

ಮಾರಿವಿಕ್ ಪೆನ್ನು ಮುಟ್ಟಲಿಲ್ಲ. ಒಂಬತ್ತು ತಿಂಗಳ ಕರಾರಿಗೆ ಹೋದ ಗಂಡ ರೊಡೆಲ್‌ಗೆ ಹಡಗಿನ ಮೇಲೆ ಹದಿನಾಲ್ಕನೇ ತಿಂಗಳು ನಡೆಯುತ್ತಿತ್ತು. ದೂರು ಕೊಟ್ಟ ಮಾರನೆಯ ದಿನವೇ ಕಂಪನಿ ಹಡಗಿನವರ ಇಂಟರ್ನೆಟ್ ಕಿತ್ತುಹಾಕಿತ್ತು. ಅಲ್ಲಿಂದೀಚೆಗೆ ಅವಳಿಗೆ ಉಳಿದದ್ದು, ಯಾವ ಹಡಗು ಎಲ್ಲಿದೆಯೆಂದು ತೋರಿಸುವ ಫೋನಿನ ನಕ್ಷೆಯೊಂದೇ. ತಮ್ಮೂರು ದುವೇನ್ಯಾಸ್‌ನ ಗದ್ದೆಯಲ್ಲಿ ನಾಟಿ ಮುಗಿಸಿ ಬದುವಿನ ಮೇಲೆ ಕೂತಾಗಲೂ ಕೈಯ ಕೆಸರು ಒರೆಸಿಕೊಂಡು ಅದನ್ನೇ ನೋಡುವಳು. ಅವನ ಹಡಗಿನ ಉದ್ದ ನೂರಾ ತೊಂಬತ್ತು ಮೀಟರು, ಹೊರುವುದು ಐವತ್ತೆಂಟು ಸಾವಿರ ಟನ್ನು. ಮಗ್ಗಿಯ ಹಾಗೆ ಬಾಯಿಗೆ ಬಂದಿತ್ತು.

ಈಗ ಆ ಫೋನನ್ನು ಕಾಗದದ ಮೇಲೇ ಇಟ್ಟಳು. "ಖಾಲಿ ಹಡಗು ನೀರಲ್ಲಿ ಆರು ಮೀಟರು ಮುಳುಗಿರತ್ತೆ. ಇಲ್ಲಿ ಹನ್ನೆರಡೂ ಮುಕ್ಕಾಲು ತೋರಿಸ್ತಿದೆ. ಕಲ್ಲಿದ್ದಲು ಹೊಟ್ಟೇಲೇ ಇದೆ ಸಾರ್."

ಲೆಗಾಸ್ಪಿ ನಕ್ಕ. "ಅದು ಯಂತ್ರ ಹೇಳೋದಲ್ಲ ತಾಯಿ. ಹಡಗಲ್ಲಿ ಯಾರೋ ಕೈಯಾರೆ ತುಂಬೋದು. ಬದಲಾಯಿಸೋಕೆ ಮರೆತಿರ್ತಾರೆ."

"ಆ ಯಾರೋ ಅಂದ್ರೆ ಹಡಗಿನ ದಾರಿ ನೋಡಿಕೊಳ್ಳೋ ಸೆಕೆಂಡ್ ಮೇಟ್. ಅಂದ್ರೆ ನನ್ನ ಗಂಡ. ಹನ್ನೊಂದು ವರ್ಷದಲ್ಲಿ ಒಂದಿನ ಕೋಳಿಗೂಡಿನ ಚಿಲಕ ಹಾಕೋದು ಮರೆತವನಲ್ಲ."

"ಭತ್ತ ನೆಡೋಳು ನನಗೇ ಹಡಗಿನ ಪಾಠ ಹೇಳ್ತೀಯಾ?"

"ಗಾಲಿ ಎಷ್ಟು ಹೂತಿದೆ ಅಂತ ನೋಡಿ ಗಾಡಿ ಖಾಲಿಯೋ ತುಂಬಿದೆಯೋ ಹೇಳೋಕೆ ಭತ್ತ ನೆಡೋರೇ ಸರಿ."

ಅವನ ನಗು ಇಂಗಿತು. "ನೋಡು, ಹಟ ಹಿಡಿದ್ರೆ ಅವನಿಗೆ ಇನ್ನು ಈ ಜನ್ಮದಲ್ಲಿ ಹಡಗು ಸಿಗಲ್ಲ. ಆಮೇಲೆ ಇಬ್ಬರೂ ಸೇರಿ ಎಮ್ಮೆ ಮೇಯಿಸಿ."

ಹಡಗು ಬಿಟ್ಟರೆ ರೊಡೆಲ್‌ಗೆ ಬೇರೆ ವಿದ್ಯೆಯಿಲ್ಲವೆಂದು ಮಾರಿವಿಕ್‌ಗೆ ಗೊತ್ತು. ಆದರೂ ಅವಳ ಕೈ ಪೆನ್ನಿನತ್ತ ಹೋಗಲಿಲ್ಲ.

"ನಿನ್ನ ಫೋನೇ ಹೇಳ್ಲಿ ಬಿಡು," ಎಂದು ಲೆಗಾಸ್ಪಿ ಅದನ್ನು ತನ್ನತ್ತ ಎಳೆದುಕೊಂಡ. "ಹೊರಟಿರೋ ಊರಿನ ಹೆಸರು ಇದರಲ್ಲೇ ಇರತ್ತೆ. ಅದನ್ನೂ ನಿನ್ನ ಗಂಡನೇ ತುಂಬೋದು ತಾನೇ? ಸಿಂಗಪುರ ಅಂತ ನಾನೇ ಓದಿ ಹೇಳ್ತೀನಿ, ಕೇಳು." ಬೆರಳಿನಿಂದ ತೆರೆಯನ್ನು ಸರಿಸಿದ. ಓದಿದ. ಕನ್ನಡಕ ತೆಗೆದು ಅಂಗಿಯ ಅಂಚಿಗೆ ಉಜ್ಜಿ ಮತ್ತೆ ಓದಿದ.

"ದುವೇನ್ಯಾಸ್," ಎಂದ, ತನಗೆ ತಾನೇ ಹೇಳಿಕೊಂಡಂತೆ.

ಬೆಳಿಗ್ಗೆ ಅವಳು ಬಸ್ಸು ಹತ್ತುವಾಗ ಆ ಹೆಸರು ಅಲ್ಲಿರಲಿಲ್ಲ. ಮಾರಿವಿಕ್ ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು ಭದ್ರವಾಗಿ ಕೂತಳು.

"ನಮ್ಮೂರಲ್ಲಿ ಬಂದರಿಲ್ಲ ಸಾರ್, ಬರೀ ಗದ್ದೆ. ಆದ್ರೂ ಅವನು ಹೊರಟಿದ್ದಾನಂತೆ. ದಾರಿ ಬಿಡಿ."