ಖಾಲಿ ಕೋಣೆ

ಆಸ್ಪತ್ರೆಯ ಕರೆಂಟು ಬಿಲ್ಲಿನಲ್ಲಿ ಅರ್ಧ ಹಣ ಏಸಿಗಳಿಗೇ ಹೋಗುತ್ತಿತ್ತು. ಅದನ್ನು ಇಳಿಸಿಕೊಟ್ಟ ಎಂಜಿನಿಯರು ಈಗ ಅದೇ ಆಸ್ಪತ್ರೆಯಲ್ಲಿ, ಲಕ್ವ ಹೊಡೆದು ಮಲಗಿದ್ದ ಅಮ್ಮನ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಒಳಗೆ ಅವನ ಅಕ್ಕ ಕುರ್ಚಿಯಲ್ಲಿ ಕೂತು ಚಾವಣಿಯತ್ತ ಕೈ ಬೀಸುತ್ತಿದ್ದಳು.

“ಯಾರಿಗೇ ಟಾಟಾ ಮಾಡ್ತಿದ್ದೀಯ?” ಎಂದು ನಕ್ಕ.

“ಆ ಸೆನ್ಸರಿಗೆ ಕಣೋ. ಯಾರೂ ಅಲ್ಲಾಡದಿದ್ರೆ ಕೋಣೆ ಖಾಲಿ ಅಂದ್ಕೊಂಡು ಏಸಿ ಆರಿಸಿಬಿಡುತ್ತೆ. ಅಮ್ಮನಂತೂ ಅಲ್ಲಾಡೋ ಹಾಗಿಲ್ಲ. ನಾನು ತೂಕಡಿಸಿದ್ರೆ ಸಾಕು, ಬೆವರಿ ಬೆನ್ನಿನ ಹುಣ್ಣು ಉರಿಯುತ್ತೆ, ನರಳ್ತಾಳೆ. ಯಾವ ಮಹಾನುಭಾವ ಮಾಡಿದ್ನೋ.”

ಅವನ ನಗು ಇಂಗಿತು. “ನಾನೇ ಕಣೇ. ಕಂಪ್ಯೂಟರಲ್ಲಿ ಇಡೀ ಆಸ್ಪತ್ರೆ ಕಟ್ಟಿ, ಒಂದು ವರ್ಷದ ಬಿಸಿಲು ಚಳಿಯಲ್ಲೆಲ್ಲ ಓಡಿಸಿ ನೋಡಿದ್ದೆ. ಎಲ್ಲೂ ತಪ್ಪು ಬಂದಿರಲಿಲ್ಲ.”

“ಅದರಲ್ಲಿ ರೋಗಿಗಳಿರಲಿಲ್ವಾ?”

“ಇದ್ರು. ಎಲ್ಲರೂ ಓಡಾಡ್ತಿದ್ರು.”

“ಪುಣ್ಯವಂತರು,” ಎಂದಳು ಅಕ್ಕ, ಕೈ ಬೀಸುತ್ತಲೇ.

“ನಾಳೇನೇ ಸರಿ ಮಾಡಿಸ್ತೀನಿ. ಈಗ ನೀನು ಮಲಕ್ಕೋ, ನಾನು ಕೂತ್ಕೋತೀನಿ.”

ಅಕ್ಕ ಏಳಲಿಲ್ಲ. “ಅಮ್ಮನಂಥೋರನ್ನ ಲೆಕ್ಕಕ್ಕೇ ಇಟ್ಕೊಳ್ದೋನ ಹತ್ರ ಬಿಟ್ಟು ನನಗೆ ನಿದ್ದೆ ಬರಲ್ಲಪ್ಪ. ನೀನು ಹೋಗು.”

ಮರುದಿನ ಏಸಿ ಸರಿಹೋಯಿತು. ಅಮ್ಮನ ಹತ್ತಿರ ಕೂರುವ ಸರದಿಯನ್ನು ಮಾತ್ರ ಅಕ್ಕ ಕೊನೆಯವರೆಗೂ ಅವನಿಗೆ ಕೊಡಲಿಲ್ಲ.