ಎಡಗಿವಿ ಹರಿದ ಹುಲಿ

ನೋಡಬೇಕಾದ ಮೃಗಾಲಯಗಳ ಪಟ್ಟಿಯ ಮೊದಲ ಸಾಲಿನಲ್ಲಿದ್ದ ಗುಡ್ಡದ ಸಫಾರಿಯನ್ನು ಸೊಸೆ ಮತ್ತೆ ಕೊನೆಗೆ ತಳ್ಳಿದಳು.

“ಅಲ್ಲಿ ನೆರಳೇ ಇಲ್ಲ ಮಾವ. ಈ ಸಲ ಹೊಳೆದಂಡೆ ಮೃಗಾಲಯಕ್ಕೆ ಹೋಗೋಣ. ನೀರಾನೆ ಮರಿ ಹಾಕಿದೆಯಂತೆ.”

ಮಾವ ಕನ್ನಡಕ ಒರೆಸಿಕೊಂಡರು. “ಹುಲಿ ಇದೆಯಾ ಅಲ್ಲಿ?”

“ಇದೆ.”

“ಸರಿ ಹಾಗಾದ್ರೆ.”

ಎಂಟು ವರ್ಷದ ಮೊಮ್ಮಗಳು ತಕರಾರು ತೆಗೆದಳು. ಅವಳಿಗೆ ಸಫಾರಿಯೇ ಬೇಕಿತ್ತು. “ಅಲ್ಲಿ ನಾವು ಬೋನಲ್ಲಿ ಕೂತಿರ್ತೀವಿ ತಾತ, ಪ್ರಾಣಿಗಳು ನಮ್ಮನ್ನ ನೋಡೋಕೆ ಬರ್ತವೆ” ಎಂದಳು. ಯಾರೂ ನಗಲಿಲ್ಲ.

ತಿಂಗಳಿಗೊಂದು ಮೃಗಾಲಯ ನೋಡುವ ಈ ಮನೆಯವರ ಬಗ್ಗೆ ಅಕ್ಕಪಕ್ಕದವರಿಗೆ ಅಚ್ಚರಿ. ಹುಲಿಯ ಬಾಯಿಗೆ ಮಗನನ್ನು ಕೊಟ್ಟವರು ಹುಲಿಯನ್ನೇ ನೋಡಲು ಹೋಗುವುದೆಂದರೇನು? ಸೊಸೆಗೆ ಅಚ್ಚರಿಯಿರಲಿಲ್ಲ. ಭಯವಿತ್ತು.

ಅಪ್ಪ, ಮಗ ಇಬ್ಬರೂ ಒಂದೇ ಮೃಗಾಲಯದಲ್ಲಿ ಪ್ರಾಣಿಪಾಲಕರು. ಆರು ವರ್ಷದ ಹಿಂದೆ ಒಂದು ಬೆಳಗ್ಗೆ ಮಗ ಪೊರಕೆ ಹಿಡಿದು ಹುಲಿಯಂಗಳದ ಬಾಗಿಲು ತೆರೆದ. ಎರಡು ಹುಲಿಗಳಲ್ಲಿ ಒಂದು ಇನ್ನೂ ಅಂಗಳದಲ್ಲೇ ಇತ್ತು. ವಿಚಾರಣೆ ಮೂರೇ ದಿನದಲ್ಲಿ ಮುಗಿಯಿತು. ಅವಸರಪಟ್ಟು ಬಾಗಿಲು ತೆರೆದದ್ದೇ ಸಾವಿಗೆ ಕಾರಣ ಎಂದು ಬರೆದರು. ಹುಲಿಯನ್ನು ಬೇರೆಲ್ಲಿಗೋ ಸಾಗಿಸಿದರು. ಎಲ್ಲಿಗೆಂದು ಮನೆಯವರಿಗೆ ಹೇಳಲಿಲ್ಲ. ಮಾವ ಅದೇ ವಾರ ಕೆಲಸ ಬಿಟ್ಟರು. ಮೊದಲೆಲ್ಲ ಸಂಜೆ ಅವರು ಪದ್ಯ ಓದಲು ಕೂತರೆ ಬೀದಿಯ ಕೊನೆಯ ಮನೆಗೂ ಕೇಳಿಸುತ್ತಿತ್ತು. ಆ ಗಂಟಲು ಅಂದಿನಿಂದ ಏಳಲೇ ಇಲ್ಲ.

ಸೊಸೆ ಗಂಡನನ್ನು ಪೂರ್ತಿ ಕ್ಷಮಿಸಿರಲಿಲ್ಲ. ಮಗಳು ರಸ್ತೆಗೆ ಓಡಿದರೆ, ಬಿಸಿ ಪಾತ್ರೆಗೆ ಕೈಯಿಟ್ಟರೆ, ಬಾಯಿಗೆ ಬರುತ್ತಿದ್ದ ಮಾತು ಒಂದೇ: “ಅವಸರ ಮಾಡ್ಬೇಡ, ನಿಮ್ಮಪ್ಪನ ಹಾಗೆ.” ಆ ಮಾತು ಕಿವಿಗೆ ಬಿದ್ದರೆ ಮಾವ ಅರ್ಧ ಊಟದಲ್ಲೇ ಏಳುತ್ತಿದ್ದರು. ಪುತ್ರಶೋಕ ನಿರಂತರ ಎಂದು ಅವಳು ತಟ್ಟೆ ಎತ್ತಿಡುತ್ತಿದ್ದಳು.

ಎಲ್ಲಿಗೆ ಹೋದರೂ ಮಾವ ಆನೆ, ಜಿರಾಫೆಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನೇರ ಹುಲಿಯ ಆವರಣಕ್ಕೆ ನಡೆದು, ಪ್ರತಿ ಹುಲಿಯ ಎಡಗಿವಿಯನ್ನು ನೋಡುತ್ತಿದ್ದರು. ಆ ಹುಲಿಯ ಎಡಗಿವಿ ಹರಿದಿತ್ತು. ಮಾಂಸ ಹಾಕುವುದು ಎಷ್ಟು ಹೊತ್ತಿಗೆ, ಕಂಬಿಗೂ ಹುಲಿಗೂ ಎಷ್ಟು ದೂರ, ಹತ್ತಿರ ಹೋಗಲು ಬಿಡುತ್ತಾರೆಯೇ ಎಂದು ಅಲ್ಲಿಯ ಕೆಲಸದವರನ್ನು ಕೇಳುತ್ತಿದ್ದರು. ಒಮ್ಮೆ ಬಚ್ಚಲ ಬಾಗಿಲಾಚೆ ಅವರು ತಮ್ಮಷ್ಟಕ್ಕೇ ಆಡಿದ ಮಾತು ಅವಳಿಗೆ ಕೇಳಿಸಿತ್ತು.

“ಒಂದು ಸಲ ಎದುರಿಗೆ ಸಿಕ್ಕಲಿ. ಮುಗಿಸಿಬಿಡ್ತೀನಿ.”

ಬೂದಿ ಮುಚ್ಚಿದ ಕೆಂಡ ಎಂದುಕೊಂಡಳು. ಅಂದಿನಿಂದ ಹೊರಡುವ ಮುಂಚೆ ಕದ್ದು ಅವರ ಚೀಲ ಹುಡುಕುವುದು ರೂಢಿಯಾಯಿತು. ಟವೆಲ್ಲು, ಮಾತ್ರೆ, ಕಡಲೆಕಾಯಿ. ನಾಚಿಕೆಯಾಗುತ್ತಿತ್ತು, ಮುಂದಿನ ಸಲ ಮತ್ತೆ ಹುಡುಕುತ್ತಿದ್ದಳು. ಹುಲಿಗೆ ವಿಷ ಹಾಕಿ ಮುದುಕರು ಜೈಲು ಸೇರಿದರೆ ತನಗೂ ಮಗುವಿಗೂ ಹಿರಿಯರೆಂದು ಯಾರಿದ್ದಾರೆ? ಹಳೆಯ ಪಶುವೈದ್ಯರನ್ನು ಕಾಡಿಬೇಡಿ ಹುಲಿ ಎಲ್ಲಿದೆಯೆಂದು ತಿಳಿದುಕೊಂಡಿದ್ದಳು. ಗುಡ್ಡದ ಸಫಾರಿ ಪಟ್ಟಿಯಲ್ಲಿ ಮೇಲೇರದಂತೆ ವರ್ಷದಿಂದ ನೋಡಿಕೊಂಡಿದ್ದಳು.

ಹೊಳೆದಂಡೆಯಿಂದ ಮರಳುವಾಗ ಬಸ್ಸಿನಲ್ಲಿ ಮಾವ ಪಟ್ಟಿ ಬಿಚ್ಚಿದರು. ಉಳಿದದ್ದು ಒಂದೇ ಸಾಲು.

“ಇದನ್ನ ಎಷ್ಟು ಸಲ ಹಿಂದೆ ಹಾಕಿದೆ ನೀನು” ಎಂದರು ಮೆಲ್ಲಗೆ. “ಅಲ್ಲೇ ಇದೆ, ಅಲ್ವಾ?”

ಅವಳು ಕಿಟಕಿಯ ಕಡೆ ತಿರುಗಿದಳು. ಉತ್ತರ ಸಿಕ್ಕಿಹೋಗಿತ್ತು.

ಬೇಡವೆಂದರೆ ಒಬ್ಬರೇ ಹೋಗುತ್ತಾರೆ. ಮುಂದಿನ ಭಾನುವಾರ ಅವಳೇ ಕೈ ಹಿಡಿದು ಕರೆದುಕೊಂಡು ಹೋದಳು. ಸಫಾರಿ ಬಸ್ಸಿಗೆ ಕಾಯುವ ಜಾಗದ ಪಕ್ಕದಲ್ಲೇ ಸಿಂಹಿಣಿಗಳ ಅಂಗಳ. ಅದರಾಚೆ ಒಂಟಿ ಹುಲಿಯೊಂದರ ಆವರಣ. ಸಿಂಹಿಣಿಗಳನ್ನು ಒಳಕೋಣೆಗೆ ಅಟ್ಟಿಯಾಗಿತ್ತು. ಪಾಲಕನೊಬ್ಬ ಪೊರಕೆ ಹಿಡಿದು ಅಂಗಳದ ಬಾಗಿಲಲ್ಲಿ ನಿಂತಿದ್ದ. ಒಳಗಿನಿಂದ ಇನ್ನೊಬ್ಬ ಕೂಗಿದ: “ಮೂರೂ ಒಳಗೆ!” ಆಮೇಲಷ್ಟೇ ಇವನು ಅಗುಳಿ ತೆಗೆದ.

ಯಾಕೆ ಕೂಗಿದ್ದು ಎಂದು ಮೊಮ್ಮಗಳು ಕೇಳಿದಳು.

“ಹೊರಗಿರೋನಿಗೆ ಒಳಕೋಣೆ ಕಾಣಲ್ಲ ಪುಟ್ಟಿ” ಎಂದರು ಮಾವ. “ಒಳಗಿರೋನು ಕಣ್ಣಾರೆ ಎಣಿಸಿ ಕೂಗಬೇಕು. ಆ ಕೂಗು ನಂಬ್ಕೊಂಡೇ ಇವನು ಬಾಗಿಲು ತೆಗೆಯೋದು.”

ಆಚೆಯ ಆವರಣದಲ್ಲಿ ಹುಲ್ಲು ಅಲುಗಿತು. ಹುಲಿ ಎದ್ದು ಬಂತು. ಮುದಿಯಾಗಿತ್ತು, ಸೊಂಟ ಇಳಿದಿತ್ತು. ಎಡಗಿವಿ ಅರ್ಧವೇ ಇತ್ತು.

ಮಾವ ಕಂಬಿಯ ಕಡೆ ಸರಸರನೆ ನಡೆದರು. ಮಗಳನ್ನು ಬೆಂಚಿನಲ್ಲಿ ಕೂರಿಸಿ ಸೊಸೆ ಹಿಂದೆಯೇ ಓಡಿ, ಅವರ ಎರಡೂ ಮಣಿಕಟ್ಟು ಬಿಗಿಯಾಗಿ ಹಿಡಿದಳು.

“ಬೇಡ ಮಾವ. ಅದನ್ನ ಕೊಂದರೆ ಅವರು ತಿರುಗಿ ಬರ್ತಾರಾ?”

ಮಾವ ಬೆರಗಾಗಿ ಅವಳನ್ನು ನೋಡಿದರು. ಆಮೇಲೆ ಅಂಗೈ ಬಿಡಿಸಿ ತೋರಿಸಿದರು. ಬರಿಗೈ.

“ಇದನ್ನ ಯಾಕೆ ಕೊಲ್ಲಲಿ? ಆವತ್ತು ಅಲ್ಲಿದ್ದವರು ಮೂವರೇ. ಒಬ್ಬ ಹೋದ. ಇದಕ್ಕೆ ಮಾತು ಬರಲ್ಲ. ನನಗೆ ಬಂದರೂ ಆರು ವರ್ಷ ಬಾಯಿ ಬಿಡಲಿಲ್ಲ. ಇದರ ಮುಂದೆ ನಿಂತರಾದರೂ ಹೇಳಿ ಮುಗಿಸಬಹುದು ಅಂತ ಹುಡುಕಿದೆ.”

ಅವಳ ಹಿಡಿತ ತಾನಾಗಿ ಸಡಿಲಿತು.

“ನಿನ್ನ ಗಂಡ ಅವಸರ ಮಾಡಲಿಲ್ಲ ಮಗಳೇ, ಒಂದೇ ಹುಲಿಯನ್ನ ನೋಡಿ ‘ಎರಡೂ ಒಳಗೆ’ ಅಂತ ಕೂಗಿದವನು ನಾನು.”