ವಿಭೂತಿ ಇಟ್ಟ ನಂಬರು

“ಕಂಟೈನರ್ ಇಲ್ವಂತೆ ಯಜಮಾನ್ರೇ. ಬೆಳಿಗ್ಗೇನೇ ಯಾರೋ ಬಂದು ತಕ್ಕೊಂಡೋದ್ರಂತೆ.”

ಬಂದರಿನ ಗೇಟಿನಿಂದ ಡ್ರೈವರ್ ದೇವರಾಜು ಆಡಿದ ಮಾತು ಸ್ಪೀಕರಿನಲ್ಲಿ ಇಡೀ ಅಂಗಡಿಗೆ ಕೇಳಿಸಿತು. ಹುಣಸೂರಿನಲ್ಲಿ ಬೇಸಾಯದ ಮಿಷನ್ನು ಮಾರುವ ಕಂಠಪ್ಪನವರು ಕುರ್ಚಿಯಿಂದ ಎದ್ದವರು ಮೇಜು ಹಿಡಿದು ಹಾಗೇ ನಿಂತರು. ಪರದೇಶದಿಂದ ಅವರು ತರಿಸಿದ ಮೊದಲ ಸರಕು ಅದು, ಕಂಟೈನರ್ ತುಂಬ ಕಳೆ ತೆಗೆಯುವ ಮಿಷನ್ನು.

“ತಕ್ಕೊಂಡೋಗಕ್ಕೆ ಅದೇನು ಪ್ರಸಾದವೇನ್ಲಾ? ಪಿನ್ ನಂಬ್ರು ಹೇಳ್ದೆ ಗೇಟಲ್ಲಿ ಬುಡಾಕಿಲ್ಲ ತಾನೆ?”

“ಹೇಳವ್ರಂತೆ. ಸರಿಯಾಗೇ ಹೇಳವ್ರಂತೆ. ಈಗ ನಾನು ಹೇಳುದ್ರೆ ಇಲ್ಲಿ ನಗ್ತಾವ್ರೆ.”

“ಅಂಗಾದ್ರೆ ನೀನೇ ಮಾರ್ಕೊಂಡಿದ್ದೀಯ ಕಣ್ಲಾ! ನಂಬ್ರು ಗೊತ್ತಿದ್ದುದ್ದು ನಂಗೆ, ನನ್ನ ಸೊಸೆಗೆ, ನಿಂಗೆ. ಮನೆಯೋರು ಮನೆ ಮಾಲು ಮಾರ್ಕತಾರಾ?”

“ನಮ್ಮವ್ವನ ಆಣೆ ಯಜಮಾನ್ರೇ...” ಅಷ್ಟರಲ್ಲಿ ಕಂಠಪ್ಪನವರು ಫೋನ್ ಕಟ್ ಮಾಡಿದರು. ಅಂಗಡಿಯಲ್ಲಿದ್ದ ಗಿರಾಕಿಗಳು ಮುಖ ಮುಖ ನೋಡಿಕೊಂಡರು.

ಕಂಪ್ಯೂಟರಿನ ಮುಂದೆ ಕೂತಿದ್ದ ಸೊಸೆ ಐಶ್ವರ್ಯ ಅದರ ನೆತ್ತಿಯ ಮೇಲಿನ ವಿಭೂತಿಯನ್ನೇ ನೋಡಿದಳು. ನಿನ್ನೆ ಆ ನಂಬರು ಬಂದಾಗ ಬಂದರಿನ ಏಜೆಂಟು ಫೋನಿನಲ್ಲಿ, “ಯಾರಿಗೂ ತೋರಿಸ್ಬೇಡಿ ಮೇಡಂ” ಎಂದು ಒತ್ತಿ ಒತ್ತಿ ಹೇಳಿದ್ದ. ಅಜ್ಜಿ ಕಥೆಯ ರಾಕ್ಷಸನ ಪ್ರಾಣ ಗಿಣಿಯಲ್ಲಿದ್ದ ಹಾಗೆ ಕಂಟೈನರಿನ ಪ್ರಾಣವೆಲ್ಲ ಆ ನಂಬರಿನಲ್ಲಿ ಎಂದು ಅವಳಿಗೂ ಗೊತ್ತಿತ್ತು. ಆದರೆ ಹೊಸ ತಕ್ಕಡಿಯನ್ನೂ ಪೂಜೆ ಮಾಡದೆ ಮುಟ್ಟದ ಮನೆ ಅವರದು. ಸರಕು ನೋಡಿದರೆ ಇನ್ನೂ ಸಮುದ್ರದ ದಡದಲ್ಲಿ, ವಿಭೂತಿ ಹಚ್ಚುವುದಾದರೂ ಯಾವುದಕ್ಕೆ? ನಂಬರು ಬಂದಿದ್ದ ಕಂಪ್ಯೂಟರಿನ ನೆತ್ತಿಗೇ ಎಳೆದು, ಮೇಲೊಂದು ಕಣಗಿಲೆ ಹೂವಿಟ್ಟು, ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕಿದ್ದಳು. ಹೂವಿನ ಕೆಳಗೆ ಪರದೆಯಲ್ಲಿ ಆ ನಂಬರಿನ ಎಲ್ಲ ಅಂಕಿಗಳೂ ನಿಚ್ಚಳವಾಗಿ ಕಾಣುತ್ತಿದ್ದವು. ನಾದಿನಿ ಅದನ್ನೇ “ನಮ್ಮಪ್ಪಾಜಿಯ ಕಂಟೈನರ್” ಎಂದು ಕಂಡ ಕಂಡ ಗ್ರೂಪಿಗೆಲ್ಲ ಹಂಚಿದ್ದಳು.

ಐಶ್ವರ್ಯ ಹಿಂದಿನ ಗೋಡೌನಿಗೆ ಹೋದಳು. ಮೊದಲು ಮಾಡಿದ್ದು ಸ್ಟೇಟಸ್ ಅಳಿಸುವ ಕೆಲಸ. ಆಮೇಲೆ ತನ್ನ ಮೇಲೇ ಅಸಹ್ಯವಾಗಿ ದೇವರಾಜುವಿಗೆ ಫೋನ್ ಮಾಡಿದಳು.

“ದೇವರಾಜು, ನಿಂದೇನೂ ತಪ್ಪಿಲ್ಲ...”

“ಗೊತ್ತು ಕಣಕ್ಕಾ. ನಾನೂ ನೋಡಿದ್ದೆ ನಿಮ್ಮ ಸ್ಟೇಟಸ್ಸ. ವಿಭೂತಿ ಕಂಡು ಲಾರೀಲೇ ಕೂತ್ಕಂಡು ಕೈ ಮುಗ್ದೆ. ಅದೇ ನಂಬ್ರು ಅಂತ ಆಗ ನಂಗೂ ಒಳೀಲಿಲ್ಲ ನೋಡಿ.”

“ಮತ್ತೆ ಮಾವಂಗೆ ಯಾಕೆ ಹೇಳ್ಲಿಲ್ಲ?”

“ಸ್ಪೀಕರ್ ಆಕಿದ್ರಲ್ಲಕ್ಕಾ. ಅಂಗಡೀಲಿ ಜನ. ಎಲ್ರ ಮುಂದೆ ನಿಮ್ಮೆಸ್ರು ಎಂಗೆ ಎತ್ಲಿ? ನೀವೇ ಯೋಳ್ಬುಡಿ.”

ಅವಳು ಓಡಿಬಂದಾಗ ಕಂಠಪ್ಪನವರು ಒಳಗಿನ ಕೋಣೆಯಲ್ಲಿ ಪೊಲೀಸ್ ಸಾಹೇಬರೊಡನೆ ಫೋನಿನಲ್ಲಿದ್ದರು. ಐಶ್ವರ್ಯ ಅವರ ಮಗ್ಗುಲಿಗೆ ಹೋಗಿ ಒಂದೇ ಉಸಿರಿಗೆ ಹೇಳಿದಳು. “ಮಾವ, ದೇವರಾಜು ಅಲ್ಲ. ನಾನೇ. ಪೂಜೆ ಫೋಟೊ ಸ್ಟೇಟಸ್ಸಿಗೆ ಹಾಕ್ಬಿಟ್ಟೆ, ಅದ್ರಲ್ಲಿ ನಂಬರಿತ್ತು.”

ಕಂಠಪ್ಪನವರು ಫೋನಿಗೆ ಅಂಗೈ ಅಡ್ಡ ಹಿಡಿದರು. ಸೊಸೆಯನ್ನು ನೋಡಿದರು. ಹೊರಗೆ ಕಿವಿ ನಿಮಿರಿಸಿಕೊಂಡು ನಿಂತಿದ್ದ ಗಿರಾಕಿಗಳನ್ನು ನೋಡಿದರು. ಬೈಯಲಿಲ್ಲ. ಬಾಗಿಲು ಮುಚ್ಚುವಂತೆ ಕಣ್ಣಿನಲ್ಲೇ ಸನ್ನೆ ಮಾಡಿ, ಅಂಗೈ ತೆಗೆದರು.

“ಹೂಂ ಸಾರ್, ಬರ್ಕಳಿ. ದೇವರಾಜು ಅಂತ. ಹನಗೋಡಿನೋನು.”

ಬಾಗಿಲು ಮುಚ್ಚಿತ್ತು. ಮುಚ್ಚಿದವಳು ಐಶ್ವರ್ಯಳೇ.